ಅಜ್ಜನಿಗೆ ಹೊಳೆದ ಮಟ್ಟು

ನಮ್ಮಜ್ಜ ಶ್ರೀರಂಗಪಟ್ಟಣದಲ್ಲಿ ಮರಗೆಲಸದ ಆಚಾರಿ. ಯಾರೋ ಬಿಳಿಯರ ದೊರೆಸಾನಿಯ ಮುರಿದ ಪಿಟೀಲನ್ನು ಸರಿಮಾಡಿಕೊಟ್ಟನಂತೆ. ಅವತ್ತೇ ಅವನಿಗೊಂದು ಕುಣಿತದ ಮಟ್ಟು ಹೊಳೆಯಿತಂತೆ. ಈ ಕಥೆಯನ್ನು ಅಪ್ಪನ ಬಾಯಲ್ಲಿ ಕೇಳಿ ಕೇಳಿ ನನ್ನ ಕಿವಿ ತೂತಾಗಿತ್ತು.

ಅದು ನಮ್ಮ ‘ಮನೆ ಮಟ್ಟು’. ಅಜ್ಜನಿಂದ ಅಪ್ಪನಿಗೂ ಚಿಕ್ಕಪ್ಪನಿಗೂ ಬಂತು. ಊರ ನಾಟಕದಲ್ಲಿ ಸಖಿಯರ ಕುಣಿತಕ್ಕೆ ಅಣ್ಣತಮ್ಮಂದಿರು ಅದನ್ನು ನುಡಿಸಿದರೆ ಕೂತವರ ಕಾಲು ಸುಮ್ಮನಿರುತ್ತಿರಲಿಲ್ಲ. ಹೊರಗಿನವರಿಗೆ ಹೇಳಿಕೊಡುವಂತಿಲ್ಲ. ನನಗೂ ಇಲ್ಲ, ಹೆಣ್ಣುಮಗಳು, ಗಂಡನ ಮನೆಗೆ ಹೊತ್ತುಕೊಂಡು ಹೋಗಿಬಿಡುತ್ತಾಳಂತೆ! ಮಟ್ಟೇನು ಹಿತ್ತಾಳೆ ಬಿಂದಿಗೆಯೇ? ಸಿಟ್ಟಿಗೆ ಬಾಗಿಲ ಹಿಂದೆ ನಿಂತು ಕೇಳಿಯೇ ಪೂರಾ ಕಲಿತೆ.

ಚಿಕ್ಕಪ್ಪ ಅದನ್ನು ಶೀಳನೆರೆಯ ಹಾರ್ಮೋನಿಯಂ ಮೇಷ್ಟ್ರಿಗೆ ಹೇಳಿಕೊಟ್ಟುಬಿಟ್ಟ. ಅಪ್ಪ ಅಂಗಳದಲ್ಲೇ ಅಬ್ಬರಿಸಿದ: “ಅಪ್ಪನ ಸ್ವತ್ತ ಬೀದಿಗೆ ಸುರುದ್ಬುಟ್ಟಲ್ಲೋ! ಇನ್ನ ನನ್ ಹೊಸ್ಲು ತುಳೀಬ್ಯಾಡ ಕಣ್ಲಾ.” ಚಿಕ್ಕಪ್ಪ ನಾಗಮಂಗಲದ ಕಡೆ ಹೋದ. ಹದಿನಾರು ವರ್ಷ ಮಾತಿಲ್ಲ. ಹೋದ ವರ್ಷ ಅವನು ಸತ್ತಾಗ ನಾನು ಕಾಲು ಹಿಡಿದು ಕರೆದರೂ ಅಪ್ಪ ತಮ್ಮನ ಮಣ್ಣಿಗೆ ಬರಲಿಲ್ಲ. ಆ ಸಿಟ್ಟು ನನಗೆ ಆರಲೇ ಇಲ್ಲ.

ಈ ಬೇಸಿಗೆಯಲ್ಲಿ, ಪಾಂಡವಪುರದ ನನ್ನ ಮನೆಯಲ್ಲಿ ಸೊಪ್ಪು ಬಿಡಿಸುತ್ತಾ ಮೊಬೈಲಿಗೆ ಆ ಮಟ್ಟನ್ನು ಗುನುಗಿದೆ. ಗುನುಗಿದರೆ ಹಾಡು ಹುಡುಕಿಕೊಡುತ್ತದಲ್ಲ, ಸುಮ್ಮನೆ ತಮಾಷೆಗೆ. ಬಂತಪ್ಪ! ಸ್ಕಾಟ್ಲೆಂಡಿನ ಕುಣಿತದ ಮಟ್ಟಂತೆ, ಪಿಟೀಲಿನದೇ, ಅಜ್ಜ ಹುಟ್ಟುವುದಕ್ಕೂ ಎಷ್ಟೋ ಮುಂಚಿನದು. ಕಟ್ಟಿದವರು ಯಾರೆಂದು ಅಲ್ಲಿಯವರಿಗೂ ಗೊತ್ತಿಲ್ಲ. ಒಬ್ಬರಿಂದೊಬ್ಬರು ಕೇಳಿ ಕಲಿತದ್ದು ಎಂದು ಬರೆದಿತ್ತು. ರಿಪೇರಿಯಾದ ಪಿಟೀಲನ್ನು ದೊರೆಸಾನಿ ನುಡಿಸಿ ನೋಡಿರಬೇಕು. ಅಜ್ಜ ಕೇಳಿಸಿಕೊಂಡಿರಬೇಕು. ಅಷ್ಟೇ. ಇಷ್ಟು ವರ್ಷ ನಮ್ಮಲ್ಲಿ ಒಬ್ಬರಿಗೂ ಇದು ಹೊಳೆಯಲಿಲ್ಲವಲ್ಲ, ಥೂ!

ಬಾಯಿ ಬಿಟ್ಟರೆ ಬಣ್ಣಗೇಡು, ನನಗೇನು ಗೊತ್ತಿರಲಿಲ್ಲವೇ? ಆದರೂ ಚಿಕ್ಕಪ್ಪನದು ತಪ್ಪಿರಲಿಲ್ಲ ಎಂದು ಅಪ್ಪನಿಗೆ ತೋರಿಸಲೇಬೇಕೆಂಬ ಹಟ. ತೌರಿಗೆ ಹೋಗಿ ಮೊಬೈಲನ್ನು ಅವನ ಕಿವಿಗೆ ಹಿಡಿದೆ.

“ನಮ್ದೇಯ! ಇನ್ಯಾವನ್ಗೆ ಕೊಟ್ಟಿದ್ನವ್ವ ಆ ನನ್ಮಗ?” ಎಂದು ಸತ್ತ ತಮ್ಮನ ಮೇಲೆ ಕೆರಳಿದ. ನಾನು ಎಲ್ಲ ಬಿಡಿಸಿ ಹೇಳಿದೆ. ಇನ್ನೊಂದು ಸಲ ಹಾಕು ಎಂದ. ಹಾಕಿದೆ. ಕೊನೆಯವರೆಗೂ ಕೇಳಿದ.

ಆಮೇಲೆ ನನ್ನ ಕೈ ಹಿಡಿದುಕೊಂಡು ಕೇಳಿದ: “ಅಂಗಾರೆ ಅವನ್ ಮಣ್ಗೂ ನಾನ್ಯಾಕವ್ವ ಓಗ್ಲಿಲ್ಲ?”