ಮಸ್ಕತ್ತಿನಲ್ಲಿ ಉಡಿ ತುಂಬಿದ್ದು

ಕಚ್ಚಾ ಎಣ್ಣೆಯ ಬೆಲೆ ಬಿದ್ದಿದೆ, ಅಳಿಯನ ಕಂಪನಿಯಲ್ಲಿ ಜನರನ್ನು ತೆಗೆಯುತ್ತಿದ್ದಾರೆ. ಇವತ್ತು ಆ ಮಾತು ಬೇಡ. ಏಳು ತಿಂಗಳಿಗೇ ಹುಟ್ಟಿದ ನನ್ನ ಮೊಮ್ಮಗಳನ್ನು ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಿಂದ ತೆಗೆದು, ಮನೆಗೆ ಒಯ್ಯಿರಿ ಎಂದು ನನ್ನ ಕೈಗೆ ಕೊಟ್ಟರು! ಹೂವಿನಷ್ಟು ಹಗುರ, ಅಳು ಮಾತ್ರ ಹೊರಗಿನ ರಸ್ತೆಗೂ ಕೇಳುವಂಥದ್ದು. ಇಂಥ ಕೂಸುಗಳನ್ನು ಅರಳೆಯಲ್ಲಿ ಸುತ್ತಿ ಒಲೆಯ ಬಳಿ ಬೆಚ್ಚಗೆ ಮಲಗಿಸುತ್ತಿದ್ದ ನನ್ನವ್ವ ನೆನಪಾದಳು. ಕೂಸು ಗಟ್ಟಿಯಾದ ದಿನ ಓಣಿಯ ಹೆಂಗಸರೆಲ್ಲ ಸೇರಿ ಬಾಣಂತಿಯ ಉಡಿ ತುಂಬುತ್ತಿದ್ದರು.

ಕೂಸನ್ನು ನೋಡಿಕೊಂಡ ನರ್ಸಬಾಯಿ ನ್ಯೂಜಿಲೆಂಡಿನವಳು, ಅಲ್ಲಿನ ಮೂಲನಿವಾಸಿಗಳಾದ ಮಾವೊರಿ ಜನದವಳು. ಆಕೆ ಇಂಗ್ಲಿಷಿನಲ್ಲಿ ಅಂದದ್ದನ್ನು ಮಗಳು ನನಗೆ ಹೇಳಿದಳು: "ಅವ್ವಾ, ಇವರ ಜನದಾಗ ದಿನ ತುಂಬದ ಕೂಸು ಭಾಳಂತ. ಅಲ್ಲಿ ಬಿಳಿಯರ ಕೂಸು ಉಳಿದಷ್ಟು ಇವರವು ಉಳಿಯೂದಿಲ್ಲಂತ. ಈಕಿ ಅಕ್ಕನ ಕೂಸೂ ಹೋತಂತ."

ಮಗಳ ಉಡಿಗೆಂದು ಊರಿಂದ ತಂದ ಅಕ್ಕಿ, ಕೊಬ್ಬರಿ ಚೀಲದಲ್ಲಿತ್ತು.

"ಮೊದಲ ನೀ ಉಡಿ ಒಡ್ಡವ್ವಾ" ಎಂದೆ ನರ್ಸಬಾಯಿಗೆ.

ಮಗಳು ತೋರಿಸಿಕೊಟ್ಟಳು. ಸೆರಗಿಲ್ಲದ ಆಕೆ ಅಂಗಿಯ ಅಂಚನ್ನೇ ಹಿಡಿದಳು. ನಾನು ಉಡಿ ತುಂಬಿದೆ.

"ಇದನ್ನ ತಿನ್ನೂದೋ, ಪೂಜಿ ಮಾಡೂದೋ ಅಂತ ಕೇಳಾಕತ್ತಾಳ" ಎಂದು ಮಗಳು ನಕ್ಕಳು.

"ಪಾಯಸ ಮಾಡ್ಕೊಂಡು ತಿನ್ನು ಅನ್ನು. ಮತ್ತ, ಅಂಚು ಬಿಡಬ್ಯಾಡ ಅನ್ನು."

ಇನ್ನೊಂದು ಬೊಗಸೆ ಅಕ್ಕಿ ಹಾಕಿದೆ.

"ಇದು ಆಕಿ ಅಕ್ಕಂದು."