ರಾಚವ್ವ ಹೊಲಿದ ಡೇರೆ

ಮುನವಳ್ಳಿಯಲ್ಲಿ ಕೌದಿ ಹೊಲಿಸಬೇಕೆಂದರೆ ರಾಚವ್ವನ ಮನೆಗೇ ಹೋಗಬೇಕು. ಹರಿದ ಸೀರೆ, ಸವೆದ ಧೋತರ, ಏನು ಕೊಟ್ಟರೂ ಬೆಚ್ಚನೆಯ ಕೌದಿ ಮಾಡಿಕೊಡುವಳು. ಚಿಂದಿ ಎಸೆಯುವವರನ್ನು ಕಂಡರೆ ಅವಳಿಗೆ ಮೈ ಉರಿಯುತ್ತಿತ್ತು. ಬಾಯಿ ಜೋರು, ಕೈ ಅದಕ್ಕಿಂತ ಜೋರು. ಮುಳುಗಿದ ಊರಿನ ಮಾತು ಬಂದರೆ ಮಾತ್ರ ಆ ಬಾಯಿ ಕಟ್ಟಿಹೋಗುತ್ತಿತ್ತು.

ಮಲಪ್ರಭೆಗೆ ಆಣೆಕಟ್ಟು ಕಟ್ಟಿದಾಗ ನೀರಿನಡಿ ಹೋದದ್ದು ಅವಳದೇ ಊರು. ಊರು ಬಿಡುವ ದಿನ, ಹಿರಿಯರು ಮಾಡಿಕೊಂಡು ಬಂದಂತೆ, ಹೊಸ್ತಿಲಲ್ಲಿ ನಿಂತು ಮನೆಯವರನ್ನೆಲ್ಲ ಹೆಸರು ಹಿಡಿದು ಕರೆದಳು. ಹಾಗೆ ಕರೆಯದಿದ್ದರೆ ಜೀವದ ಒಂದೆಳೆ ಅಲ್ಲೇ ಉಳಿಯುತ್ತದಂತೆ. ಕೊನೆಗೆ ಉಳವಪ್ಪನ ಹೆಸರು ನಾಲಗೆಗೆ ಬಂತು. ಅವಳ ಕಿರಿಮಗ, ಐದು ವರ್ಷದವನಿದ್ದಾಗ ಜ್ವರ ಬಂದು ಹೋದವನು, ಅದೇ ಊರಿನ ಹೊಲದ ಬದುವಿನಲ್ಲಿ ಮಣ್ಣಾದವನು. ಭಾವ ಗದರಿದ: “ಸತ್ತವರನ್ನ ಕರೀಬಾರ್ದವ್ವಾ. ಕರದ್ರ ಬರತಾರ. ಬಂದವರು ಹೊಳ್ಳಿ ಹೋಗಂಗಿಲ್ಲ.” ರಾಚವ್ವ ಆ ಹೆಸರನ್ನು ಕರೆಯದೆಯೇ ಚಕ್ಕಡಿ ಹತ್ತಿದಳು.

ಎಪ್ಪತ್ತಾರನೇ ಇಸವಿಯ ಬೇಸಿಗೆ. ಅವಳ ಹಿರಿಮಗ ನಿಜಗುಣಪ್ಪ ಸಾಲಿ ಮಾಸ್ತರ. ಅವನಿಗೆ ಹುರುಪು ಬಂತೆಂದರೆ ಇಡೀ ಓಣಿಗೆ ನಿದ್ದೆಯಿಲ್ಲ. ಓಣಿಯ ಮಕ್ಕಳನ್ನು ಕರೆದೊಯ್ದು ಜಲಾಶಯದ ದಂಡೆಯಲ್ಲಿ ಡೇರೆ ಹಾಕಿ ಎರಡು ರಾತ್ರಿ ಇರುವುದೆಂದು ಸಾರಿಬಿಟ್ಟ. ತನ್ನ ಮಗಳು ಚನ್ನಿಯನ್ನೂ ಹೊರಡಿಸಿದ. ಡೇರೆಗೆಂದು ಹಳೆಯ ತಾಡಪತ್ರಿಯೊಂದನ್ನು ತಂದು ತಾಯಿಯ ಮುಂದೆ ಹಾಕಿ, ತೂತು ಮುಚ್ಚಿಕೊಡು ಎಂದ.

“ಚನ್ನೀನ ಬಿಟ್ಟ ಹೋಗಪಾ,” ಎಂದಳು ರಾಚವ್ವ.

“ಯಾಕಬೇ? ನೀರಾಗ ಮೀನ ಬಿಟ್ರ ಮತ್ತೇನೈತಿ?”

ಏನೈತಿ ಎಂದು ಹೇಗೆ ಹೇಳುವುದು? ನೀರಿನಡಿ ಒಂಟಿಯಾಗಿ ಬಿದ್ದ ಕೂಸು ಆಟಕ್ಕೆ ಜೊತೆ ಬೇಕೆಂದು ಚನ್ನಿಯ ಕೈ ಹಿಡಿದುಕೊಂಡರೆ? ಹೆತ್ತ ಮಗನಿಗೇ ಹೆದರಬೇಕಾಯಿತಲ್ಲ! ಆದರೂ ಸೂಜಿ ಹಿಡಿದಳು. ಕೊನೆಯ ತೂತಿಗೆ ಬಟ್ಟೆ ಸಾಲಲಿಲ್ಲ. ಚಿಂದಿ ಗಂಟಿನ ತಳದಲ್ಲಿ ಉಳವಪ್ಪನ ಪಟ್ಟೆಪಟ್ಟೆ ಅಂಗಿ ಇತ್ತು. ಯಾವ ಚಿಂದಿಯನ್ನೂ ದಂಡ ಮಾಡದ ಕೈ ಅದು. ಮನಸ್ಸು ಬೇಡವೆನ್ನುವಷ್ಟರಲ್ಲಿ ಅರ್ಧ ಹೊಲಿದಾಗಿತ್ತು.

ಹೊರಡುವ ಹಿಂದಿನ ದಿನ, ಮಟಮಟ ಮಧ್ಯಾಹ್ನ, ಹಿತ್ತಲಲ್ಲಿ ಡೇರೆ ಹಾಕಿ ನೋಡಿದರು. ಮಕ್ಕಳೆಲ್ಲ ಒಳಗೆ ನುಗ್ಗಿ ಗದ್ದಲವೆಬ್ಬಿಸಿದರು. ಬುತ್ತಿಗೆ ಶೇಂಗಾ ಚಟ್ನಿ ಕುಟ್ಟುತ್ತಿದ್ದ ರಾಚವ್ವ ಎದ್ದು ಬಂದು, ತನ್ನ ಪದ್ಧತಿಯಂತೆ ಒಬ್ಬೊಬ್ಬರನ್ನೇ ಹೆಸರು ಹಿಡಿದು ಹೊರಗೆ ಕರೆದಳು. ಎಲ್ಲರೂ ಬಂದರು. ನಿಜಗುಣಪ್ಪ ಒಳಗೆ ಇಣುಕಿ, ಖಾಲಿಯೆಂದು ಬಾಗಿಲ ಬಟ್ಟೆ ಇಳಿಬಿಟ್ಟ.

ಆಗ ಪಟ್ಟೆ ಅಂಗಿಯ ತೇಪೆ ಒಳಗಿನಿಂದ ಉಬ್ಬಿತು. ಒಂದು ಸಣ್ಣ ಅಂಗೈಯಷ್ಟು.

“ಗಾಳಿ,” ಎಂದ ನಿಜಗುಣಪ್ಪ. ಬೇವಿನ ಮರದಲ್ಲಿ ಒಂದೆಲೆಯೂ ಅಲುಗುತ್ತಿರಲಿಲ್ಲ.

ಚನ್ನಿ ಅಜ್ಜಿಯ ಸೆರಗು ಎಳೆದಳು. “ಆಯಿ, ಒಳಗ ಇನ್ನೊಬ್ಬಂವ ಕುಂತಾನ. ನೀ ಅವನ ಹೆಸರ ಕರೀಲೇ ಇಲ್ಲ.”

ಅದು ಯಾರೆಂದು ರಾಚವ್ವನಿಗೆ ತಿಳಿಯಿತು. ಕರೆಯದಿದ್ದರೆ ನಾಳೆ ಡೇರೆಯ ಜೊತೆ ಅವನೂ ನೀರಿನ ದಂಡೆಗೆ, ಚನ್ನಿಯ ಮಗ್ಗುಲಿಗೇ. ಕರೆದರೆ ಈ ಮನೆ ಬಿಟ್ಟು ಮತ್ತೆ ಹೋಗಲಾರ. ಭಾವನ ಮಾತು ಕಿವಿಯಲ್ಲಿ ಗುಂಯ್‌ಗುಟ್ಟಿತು. ಇದ್ದರೆ ಇರಲಿ, ನನ್ನ ಕೂಸು ನನ್ನ ಹತ್ತಿರ ಇರಲಿ ಎಂದುಕೊಂಡಳು.

“ಉಳವಪ್ಪಾ,” ಎಂದು ಕೂಗಿದಳು, “ಬಾರೋ ನನ್ನಪ್ಪಾ, ಮನಿಗಿ ಹೋಗೂಣು.”

ನಿಜಗುಣಪ್ಪನ ಮುಖ ಬಿಳಿಚಿತು. ಬಾಗಿಲ ಬಟ್ಟೆ ತುಸು ಎದ್ದು ಬಿತ್ತು. ಯಾರೂ ಕಾಣಲಿಲ್ಲ. ಚನ್ನಿ ಮಾತ್ರ, ಯಾರಿಗೋ ದಾರಿ ಬಿಡುವವಳಂತೆ, ಒಂದು ಹೆಜ್ಜೆ ಪಕ್ಕಕ್ಕೆ ಸರಿದಳು.

“ಆಯಿ,” ಎಂದಳು, “ಇಂವನ ಮೈಯೆಲ್ಲಾ ಯಾಕ ತೊಯ್ದೈತಿ?”

ರಾಚವ್ವ ಅಲ್ಲೇ ಕುಳಿತು, ಸೆರಗು ಬಿಡಿಸಿ ಮುಂದೆ ಚಾಚಿದಳು. “ಬಾ,” ಎಂದಳು, “ತಲಿ ಒರಸತೇನಿ.”