ಮೇಷ್ಟ್ರ ಸ್ಕೂಟರಿನ ಕನ್ನಡಿ

ನಮ್ಮ ಪಕ್ಕದ ಮನೆಯ ಇತಿಹಾಸದ ಮೇಷ್ಟ್ರು ಎಲ್ಲಿ ವೀರಗಲ್ಲು ಕಂಡರೂ ಸ್ಕೂಟರಿನ ಕನ್ನಡಿ ಬಿಚ್ಚಿಕೊಂಡು ಇಳಿಯುತ್ತಿದ್ದರು. ಅದರಿಂದ ಬಿಸಿಲನ್ನು ಕಲ್ಲಿನ ಸವೆದ ಕೆತ್ತನೆಯ ಮೇಲೆ ಓರೆಯಾಗಿ ಹಾಯಿಸಿ, "ತಡೀರಿ, ಈಗ ಎದ್ದೇಳ್ತಾನೆ" ಎನ್ನುತ್ತಿದ್ದರು. ಹಿಂದೆ ಕೂತ ನನಗೆ ಮಾತ್ರ, ಕನ್ನಡಿಯಿಲ್ಲದ ಸ್ಕೂಟರನ್ನು ಪೊಲೀಸರು ಹಿಡಿದಾರೆಂಬ ಚಿಂತೆ.

ಒಮ್ಮೆ ಅರಕಲಗೂಡಿನ ಹತ್ತಿರ ರೈತನೊಬ್ಬ ಶುಂಠಿ ತೊಳೆಯುವ ಪಂಪಿನಿಂದ, ಪಾಚಿಗಟ್ಟಿದ ಹೊಯ್ಸಳರ ಕಾಲದ ವೀರಗಲ್ಲಿಗೆ ರಭಸವಾಗಿ ನೀರು ಹೊಡೆಯುತ್ತಿದ್ದ. ಕಲ್ಲಿನ ಅಂಚು ಆಗಲೇ ಉದುರುತ್ತಿತ್ತು. ಮೇಷ್ಟ್ರು ಕನ್ನಡಿ ಹಿಡಿದೇ ಓಡಿ ಕಲ್ಲಿಗೆ ಅಡ್ಡ ನಿಂತರು. ನೀರೆಲ್ಲ ಅವರ ಎದೆಗೆ ಬಡಿಯಿತು. ಅಷ್ಟರಲ್ಲಿ ನಾನು ನ್ಯುಮೋನಿಯಾ, ಆಸ್ಪತ್ರೆ, ಅವರ ಹೆಂಡತಿಗೆ ಹೇಳಬೇಕಾದ ಸಮಾಧಾನದ ಮಾತು ಎಲ್ಲವನ್ನೂ ಯೋಚಿಸಿ ಮುಗಿಸಿದ್ದೆ.

"ಅಡ್ಡ ಯಾಕ್ ಬಂದ್ರಿ ಸಾ? ಕ್ಲೀನ್ ಮಾಡ್ತಾ ಇವ್ನಿ."

"ನಿಲ್ಸಪ್ಪ, ಅವನ ಮುಖ ಉದುರೋಗುತ್ತೆ."

"ಈ ಕಲ್ಲಲ್ಲಿ ಮುಖ ಎಲ್ಲೈತೆ?"

"ತಡಿ, ಈಗ ಎದ್ದೇಳ್ತಾನೆ."

ರೈತ ಪೈಪನ್ನು ಪಕ್ಕಕ್ಕೆ ತಿರುಗಿಸಿದ. ತೊಯ್ದ ಮೇಷ್ಟ್ರು ಬದಿಗೆ ಸರಿದು ಕನ್ನಡಿಯನ್ನು ಓರೆ ಮಾಡಿದರು. ಕಪ್ಪು ಕಲ್ಲಿನೊಳಗಿಂದ ಮೊದಲು ಹಸುವಿನ ಕೊಂಬು ಎದ್ದಿತು. ಆಮೇಲೆ ಕತ್ತಿ ಹಿಡಿದ ತೋಳು, ಕೊನೆಗೆ ಮುಖ. ಆ ಹೊತ್ತಿಗೆ ಚಿಂತೆ ಮಾಡುವುದನ್ನೂ ನಾನು ಮರೆತೆ.

ರೈತ ಪಂಪು ಆರಿಸಿದ. "ಕಳ್ರಿಂದ ದನ ಬಿಡಿಸ್ಕಳಕ್ಕೋಗಿ ಸತ್ತೋದ್ನಾ ಸಾ? ನಮ್ಮಟ್ಟೀಲೂ ಎಲ್ಡು ದನ ಅವೆ. ಇನ್ನೊಂದ್ ಕಿತ ತೋರ್ಸಿ."

ಮೇಷ್ಟ್ರು ಕನ್ನಡಿಯನ್ನು ಅವನ ಕೈಗೇ ಕೊಟ್ಟು ಸ್ಕೂಟರು ಹತ್ತಿದರು. ಹಿಂದಿನಿಂದ ಲಾರಿ ಬಂದರೆ ಗತಿಯೇನೆಂದು ನಾನು ತಿರುಗಿ ನೋಡಿದೆ. ಲಾರಿ ಇರಲಿಲ್ಲ. ಹೊಲದಲ್ಲಿ ಬಿಸಿಲಿನ ಚೂರೊಂದು ಕಲ್ಲಿನ ಮೇಲೆ ಇನ್ನೂ ಮೆಲ್ಲಗೆ ಓಡಾಡುತ್ತಿತ್ತು.